ಚಿಕ್ಕಬೆಟ್ಟದ ನಿಸಿದಿಗಳು ಮತ್ತು ಸತ್ಯದ ಪ್ರಶ್ನೆ

ಸತ್ಯವೆಂಬುದು ಒಂದೇ ಆಗಿದೆಯೋ ಅಥವಾ ನೋಡುವವರ ನೆಲೆಗೆ ತಕ್ಕಂತೆ ಹಲವಾಗುತ್ತದೆಯೋ, ಧರ್ಮಾಧರ್ಮಗಳ ನಿಯಮ ಎಲ್ಲ ಕಾಲಕ್ಕೂ ಎಲ್ಲರಿಗೂ ಸಮಾನವೋ ಅಥವಾ ದೇಶಕಾಲಗಳನ್ನು ಅನುಸರಿಸಿ ಬದಲಾಗುವಂಥದ್ದೋ ಎಂಬ ಪ್ರಶ್ನೆಯನ್ನು ಭಾರತದ ದರ್ಶನಗಳೆಲ್ಲವೂ ಒಂದಲ್ಲ ಒಂದು ಬಗೆಯಲ್ಲಿ ಎತ್ತಿಕೊಂಡಿವೆ. ಆದರೆ ಆ ಪ್ರಶ್ನೆಗೆ ಗ್ರಂಥಗಳು ಕೊಟ್ಟ ಉತ್ತರವನ್ನೂ ಮನುಷ್ಯರು ಬದುಕಿ ತೋರಿಸಿದ ಉತ್ತರವನ್ನೂ ಅಕ್ಕಪಕ್ಕದಲ್ಲಿಟ್ಟು ಪರಿಶೀಲಿಸಲು ಅವಕಾಶವಿರುವ ಸ್ಥಳಗಳು ಹೆಚ್ಚಿಲ್ಲ. ಹಾಸನ ಜಿಲ್ಲೆಯ ಶ್ರವಣಬೆಳಗೊಳ ಅಂಥದೊಂದು ಸ್ಥಳ. ಅಲ್ಲಿಗೆ ಹೋಗುವವರಲ್ಲಿ ಬಹುಪಾಲು ಜನ ದೊಡ್ಡಬೆಟ್ಟವನ್ನು ಹತ್ತಿ ಗೊಮ್ಮಟನನ್ನು ಕಂಡು ಹಿಂದಿರುಗುತ್ತಾರೆ. ಎದುರಿಗಿರುವ, ಎತ್ತರದಲ್ಲಿ ಕಿರಿದಾದ, ಇತಿಹಾಸದಲ್ಲಿ ಹಿರಿದಾದ ಚಿಕ್ಕಬೆಟ್ಟವೇ ಈ ಪ್ರಶ್ನೆಯ ನಿಜವಾದ ನೆಲೆ. ಸಂಸ್ಕೃತ ಶಾಸನಗಳು ಅದನ್ನು ಕಟವಪ್ರವೆಂದೂ ಹಳಗನ್ನಡ ಶಾಸನಗಳು ಕಲ್ಬಪ್ಪು ಎಂದೂ ಕರೆಯುತ್ತವೆ.

ಸುಮಾರು ಕ್ರಿ.ಶ. 600ರ ಕಾಲದ್ದೆಂದು ವಿದ್ವಾಂಸರು ಒಪ್ಪಿರುವ ಅಲ್ಲಿನ ಅತ್ಯಂತ ಪ್ರಾಚೀನ ಬಂಡೆಶಾಸನ, ಉಜ್ಜಯಿನಿಯಲ್ಲಿ ಭದ್ರಬಾಹುಸ್ವಾಮಿಯು ಹನ್ನೆರಡು ವರ್ಷಗಳ ಕ್ಷಾಮವನ್ನು ಮೊದಲೇ ಅರಿತು ಹೇಳಿದುದನ್ನು, ಜೈನ ಸಂಘವು ಉತ್ತರಾಪಥದಿಂದ ದಕ್ಷಿಣಕ್ಕೆ ಬಂದುದನ್ನು, ಪ್ರಭಾಚಂದ್ರನೆಂಬ ಆಚಾರ್ಯನು ತನ್ನ ಅಂತ್ಯಕಾಲ ಸಮೀಪಿಸಿತೆಂದು ತಿಳಿದು ಸಂಘವನ್ನು ಮುಂದಕ್ಕೆ ಕಳುಹಿಸಿ, ಒಬ್ಬ ಶಿಷ್ಯನೊಡನೆ ಅಲ್ಲಿಯೇ ನಿಂತು ದೇಹತ್ಯಾಗ ಮಾಡಿದುದನ್ನು ಹೇಳಿ, ಕಾಲಕ್ರಮದಲ್ಲಿ ಏಳುನೂರು ಋಷಿಗಳು ಅದೇ ದಾರಿಯಲ್ಲಿ ನಡೆದರೆಂದು ಮುಗಿಯುತ್ತದೆ. ಅಲ್ಲಿಂದ ಮುಂದೆ ಹಲವು ಶತಮಾನಗಳ ಕಾಲ ಆ ಬೆಟ್ಟ ಸಾವನ್ನು ಎದುರುಗೊಳ್ಳಲು ಬಂದವರ ಕ್ಷೇತ್ರವಾಯಿತು. ಹೀಗೆ ಮಡಿದವರ ನೆನಪಿಗೆ ಕೆತ್ತಿದ ಬರಹವನ್ನೂ ನಿಲ್ಲಿಸಿದ ಕಲ್ಲನ್ನೂ ನಿಸಿದಿ ಅಥವಾ ನಿಷಿಧಿ ಎನ್ನುತ್ತಾರೆ. ಬಿ. ಎಲ್. ರೈಸ್ 1889ರಲ್ಲಿ ಶ್ರವಣಬೆಳಗೊಳದ 144 ಶಾಸನಗಳನ್ನು ಪ್ರಕಟಿಸಿದರು, 1923ರಲ್ಲಿ ಆರ್. ನರಸಿಂಹಾಚಾರ್ಯರು ಆ ಸಂಖ್ಯೆಯನ್ನು 500ಕ್ಕೆ ಏರಿಸಿದರು. ಷ. ಶೆಟ್ಟರ್ ಅವರು 1989 ಮತ್ತು 1990ರಲ್ಲಿ ಪ್ರಕಟವಾದ ತಮ್ಮ ಎರಡು ಗ್ರಂಥಗಳಲ್ಲಿ ಈ ಸಾಮಗ್ರಿಯನ್ನು ಆಧರಿಸಿ ಸಾವಿನ ಕುರಿತ ಜೈನ ಚಿಂತನೆಯ ಚರಿತ್ರೆಯನ್ನೇ ಬರೆದರು.

ಜೀವಹಿಂಸೆ ಕೂಡದೆಂಬ ನಿಯಮವನ್ನು ಬೇರೆಲ್ಲರಿಗಿಂತ ಕಟ್ಟುನಿಟ್ಟಾಗಿ ಹಿಡಿದ ಪಂಥವೊಂದು, ಆಹಾರವನ್ನು ತ್ಯಜಿಸಿ ಪ್ರಾಣ ಬಿಡುವುದನ್ನು ಪರಮವ್ರತವೆಂದು ಹೇಗೆ ಒಪ್ಪಿತು? ರೈಸ್ ಅವರಿಗೆ ಇದರಲ್ಲಿ ಒಂದು ಕ್ರೂರ ವಿಪರ್ಯಾಸವಲ್ಲದೆ ಬೇರೇನೂ ಕಾಣಲಿಲ್ಲ. ಅವರ ತೀರ್ಪು ಹೊರಗಿನವರ ತೀರ್ಪು ಎಂದು ತಳ್ಳಿಹಾಕುವುದು ಸುಲಭ. ‘ಅವರ ಸತ್ಯ ಅವರಿಗೆ, ನಮ್ಮ ಸತ್ಯ ನಮಗೆ’ ಎಂದುಬಿಟ್ಟರೆ ಚರ್ಚೆಯೇ ಮುಗಿಯುತ್ತದೆ. ಜೈನರ ಅನೇಕಾಂತವಾದವನ್ನು ಇಂದು ಬಹಳ ಮಂದಿ ಅರ್ಥಮಾಡಿಕೊಳ್ಳುವುದೂ ಹೀಗೆಯೇ. ಆದರೆ ಕನ್ನಡನಾಡಿನಲ್ಲಿ ಓದಲ್ಪಟ್ಟ, ವ್ಯಾಖ್ಯಾನಗೊಂಡ ಜೈನ ಗ್ರಂಥಗಳು ಹೇಳಿದ್ದು ಇದಕ್ಕಿಂತ ಬಹಳ ಕಠಿಣವಾದ ಮಾತು. ಚಿಕ್ಕಬೆಟ್ಟದ ಕಲ್ಲುಗಳು ಆ ಮಾತಿಗೆ ಸಾಕ್ಷಿಯೂ ಹೌದು, ಕೆಲವೆಡೆ ಪ್ರತಿಸಾಕ್ಷಿಯೂ ಹೌದು.

ಅನೇಕಾಂತವೆಂದರೆ ಒಂದು ವಸ್ತುವಿಗೆ ಅನೇಕ ಅಂತಗಳು, ಅಂದರೆ ಅನೇಕ ಧರ್ಮಗಳು ಅಥವಾ ಮುಖಗಳು ಇವೆ ಎಂಬ ಸಿದ್ಧಾಂತ. ಈ ಸಿದ್ಧಾಂತಕ್ಕೆ ತರ್ಕದ ಬಲ ತಂದುಕೊಟ್ಟವರಲ್ಲಿ ಸಮಂತಭದ್ರನು ಅಗ್ರಗಣ್ಯ. ಅವನ ಕಾಲವನ್ನು ವಿದ್ವಾಂಸರು ಕ್ರಿ.ಶ. 2ರಿಂದ 6ನೆಯ ಶತಮಾನದವರೆಗೆ ಬೇರೆ ಬೇರೆಯಾಗಿ ಊಹಿಸಿದ್ದಾರೆ. ಅವನ ಆಪ್ತಮೀಮಾಂಸೆಗೆ 8ನೆಯ ಶತಮಾನದ ಅಕಲಂಕನು ಅಷ್ಟಶತಿಯನ್ನೂ ಅದರ ಮೇಲೆ ವಿದ್ಯಾನಂದನು ಅಷ್ಟಸಹಸ್ರಿಯನ್ನೂ ಬರೆದರು. ಸಮಂತಭದ್ರನು ಕೊಡುವ ಒಂದು ಉದಾಹರಣೆ ಪ್ರಸಿದ್ಧವಾದುದು. ಚಿನ್ನದ ಕೊಡವೊಂದನ್ನು ಕರಗಿಸಿ ಕಿರೀಟ ಮಾಡಿದಾಗ, ಕೊಡವನ್ನು ಬಯಸಿದವನು ದುಃಖಿಸುತ್ತಾನೆ, ಕಿರೀಟವನ್ನು ಬಯಸಿದವನು ಹಿಗ್ಗುತ್ತಾನೆ, ಚಿನ್ನವೇ ಬೇಕಾದವನು ಎರಡೂ ಇಲ್ಲದೆ ಸುಮ್ಮನಿರುತ್ತಾನೆ. ಈ ಮೂರು ಭಾವಗಳೂ ಕಾರಣವಿಲ್ಲದೆ ಹುಟ್ಟಿದವಲ್ಲ: ಕೊಡದ ನಾಶ ನಿಜ, ಕಿರೀಟದ ಉತ್ಪತ್ತಿ ನಿಜ, ಚಿನ್ನದ ಸ್ಥಿರತೆಯೂ ನಿಜ. ಇಲ್ಲಿ ಗಮನಿಸಬೇಕಾದುದು, ಮೂವರ ಅನುಭವ ಬೇರೆಯಾಗಿರುವುದಕ್ಕೆ ಆಧಾರ ಅವರ ಮನಸ್ಸಿನಲ್ಲಿ ಮಾತ್ರವಲ್ಲದೆ ವಸ್ತುವಿನಲ್ಲಿಯೇ ಇದೆ ಎಂಬುದು. ಹುಟ್ಟು, ಅಳಿವು, ಉಳಿವುಗಳು ಒಂದೇ ದ್ರವ್ಯದಲ್ಲಿ ಕೂಡಿರುವುದರಿಂದಲೇ ಅದರ ಬಗ್ಗೆ ಹಲವು ಮಾತುಗಳು ಸಾಧ್ಯವಾಗುತ್ತವೆ.

ಒಂದು ಮುಖದಿಂದ ವಸ್ತುವನ್ನು ಗ್ರಹಿಸುವ ದೃಷ್ಟಿಗೆ ನಯವೆಂದು ಹೆಸರು. ಪ್ರತಿಯೊಂದು ಹೇಳಿಕೆಗೂ ‘ಸ್ಯಾತ್’, ಎಂದರೆ ‘ಒಂದು ಅಪೇಕ್ಷೆಯಿಂದ’ ಎಂಬ ಮಾತನ್ನು ಸೇರಿಸಿ, ಇದೆ, ಇಲ್ಲ, ಇದೆ ಮತ್ತು ಇಲ್ಲ, ಹೇಳಲಾಗದು ಎಂಬಿವುಗಳ ಜೋಡಣೆಯಿಂದ ಏಳು ಬಗೆಯ ವಾಕ್ಯಗಳನ್ನು ರೂಪಿಸುವ ಕ್ರಮ ಸಪ್ತಭಂಗಿ. ಒಂದು ನಯ ಇನ್ನೊಂದನ್ನು ಅಲ್ಲಗಳೆದು ತಾನೇ ಪೂರ್ಣವೆಂದು ನಿಂತ ಕ್ಷಣ ಅದು ಸುಳ್ಳಾಗುತ್ತದೆಂದು ಸಮಂತಭದ್ರನು ಖಚಿತವಾಗಿ ಹೇಳುತ್ತಾನೆ. ಹೀಗಾಗಿ ಸುಳ್ಳು ಎಂಬುದು ಈ ದರ್ಶನದಲ್ಲಿ ಇಲ್ಲವಾಗುವುದಿಲ್ಲ. ಅದಕ್ಕೊಂದು ಸ್ಪಷ್ಟ ಲಕ್ಷಣವೇ ಸಿಗುತ್ತದೆ. ಸಾಪೇಕ್ಷತಾವಾದಕ್ಕೂ ಅನೇಕಾಂತಕ್ಕೂ ಇರುವ ದೊಡ್ಡ ಅಂತರ ಇದೇ. ಎಲ್ಲ ಮುಖಗಳನ್ನೂ ಒಮ್ಮೆಗೇ ಕಾಣುವ ಕೇವಲಜ್ಞಾನವೆಂಬ ಪೂರ್ಣಜ್ಞಾನವನ್ನು ಜೈನರು ಒಪ್ಪುತ್ತಾರೆ, ಸರ್ವಜ್ಞನಾದ ಜಿನನಿಗೆ ಅದು ಸಿದ್ಧಿಸಿದೆ ಎನ್ನುತ್ತಾರೆ. ಸತ್ಯ ಪೂರ್ಣವಾಗಿದೆ, ಅಪೂರ್ಣವಾದುದು ಸಾಮಾನ್ಯ ಮನುಷ್ಯನ ಮಾತು ಎಂಬುದು ಅವರ ನಿಲುವು.

ಇದನ್ನು ಒಪ್ಪದವರ ವಾದಗಳೂ ಹಗುರವಾದುವಲ್ಲ. ಶಂಕರಾಚಾರ್ಯರು ಬ್ರಹ್ಮಸೂತ್ರಭಾಷ್ಯದ ಎರಡನೆಯ ಅಧ್ಯಾಯದಲ್ಲಿ, ಪರಸ್ಪರ ವಿರುದ್ಧವಾದ ಧರ್ಮಗಳು ಒಂದೇ ವಸ್ತುವಿನಲ್ಲಿ ಏಕಕಾಲಕ್ಕೆ ಇರಲಾರವೆಂದೂ, ಎಲ್ಲವೂ ಅನಿಶ್ಚಿತವೆಂದಾದರೆ ಆ ಬೋಧನೆಯೂ ಅನಿಶ್ಚಿತವಾಗಿ ಯಾವ ಮನುಷ್ಯನೂ ಅದನ್ನು ನಂಬಿ ನಡೆಯಲಾರನೆಂದೂ ವಾದಿಸಿದರು. ಅನೇಕಾಂತವೂ ಅನೇಕಾಂತವೇ ಎಂಬ ಉತ್ತರವನ್ನು ಸಮಂತಭದ್ರನು ಇದಕ್ಕೂ ಮೊದಲೇ ಸ್ವಯಂಭೂಸ್ತೋತ್ರದಲ್ಲಿ ಕೊಟ್ಟಿದ್ದನು: ಪೂರ್ಣ ಪ್ರಮಾಣದ ದೃಷ್ಟಿಯಿಂದ ವಸ್ತು ಅನೇಕಮುಖವಾದುದು, ಒಂದು ನಿರ್ದಿಷ್ಟ ನಯದಿಂದ ನೋಡಿದಾಗ ಅದು ಏಕಮುಖವಾಗಿ ನಿಶ್ಚಿತವಾದುದು. ಉತ್ತರ ಸಮರ್ಪಕವೇ ಎಂಬ ಬಗ್ಗೆ ಭಿನ್ನಾಭಿಪ್ರಾಯ ಉಳಿಯಬಹುದು. ಆದರೆ ಶಂಕರರ ಕೊನೆಯ ಆಕ್ಷೇಪ, ಅಂದರೆ ಅನಿಶ್ಚಿತವಾದುದನ್ನು ನಂಬಿ ಬದುಕುವುದು ಹೇಗೆ ಎಂಬುದು, ತರ್ಕಕ್ಕಿಂತ ಹೆಚ್ಚಾಗಿ ನಡವಳಿಕೆಗೆ ಸೇರಿದ ಪ್ರಶ್ನೆಯಾದುದರಿಂದ, ಉತ್ತರವನ್ನೂ ನಡವಳಿಕೆಯ ಗ್ರಂಥಗಳಲ್ಲಿಯೇ ಹುಡುಕಬೇಕಾಗುತ್ತದೆ.

ಆಚಾರದ ವಿಷಯದಲ್ಲಿ ಜೈನರು ವ್ರತಗಳನ್ನು ಎರಡು ಅಳತೆಗಳಲ್ಲಿ ಇಟ್ಟರು. ಅಹಿಂಸೆ, ಸತ್ಯ, ಅಸ್ತೇಯ, ಬ್ರಹ್ಮಚರ್ಯ, ಅಪರಿಗ್ರಹ ಎಂಬ ಐದೂ ಮುನಿಗಳಿಗೆ ವಿನಾಯಿತಿಯಿಲ್ಲದ ಮಹಾವ್ರತಗಳು, ಗೃಹಸ್ಥರಿಗೆ ಮಿತಿಗೊಳಪಟ್ಟ ಅಣುವ್ರತಗಳು. ಸಮಂತಭದ್ರನದೆಂದು ಪರಂಪರೆ ಒಪ್ಪಿರುವ ರತ್ನಕರಂಡಕ ಶ್ರಾವಕಾಚಾರವು ಗೃಹಸ್ಥನ ಸತ್ಯಾಣುವ್ರತವನ್ನು ಹೇಳುವಾಗ, ಸ್ಥೂಲವಾದ ಸುಳ್ಳನ್ನು ಆಡಬಾರದು, ಆಡಿಸಬಾರದು ಎಂದಷ್ಟೇ ನಿಲ್ಲದೆ, ಇನ್ನೊಬ್ಬರಿಗೆ ವಿಪತ್ತು ತರುವ ಸತ್ಯವನ್ನೂ ನುಡಿಯಬಾರದೆಂದು ಸೇರಿಸುತ್ತದೆ. ಸತ್ಯಕ್ಕಾಗಿ ರಾಜ್ಯವನ್ನೂ ಹೆಂಡತಿಮಕ್ಕಳನ್ನೂ ಕಳೆದುಕೊಂಡ ಹರಿಶ್ಚಂದ್ರನನ್ನು ರಾಘವಾಂಕನ ಕಾವ್ಯದ ಮೂಲಕ, ಕೊಟ್ಟ ಮಾತಿಗಾಗಿ ಹುಲಿಯ ಬಾಯಿಗೆ ಮರಳಿದ ಪುಣ್ಯಕೋಟಿಯನ್ನು ಹಾಡಿನ ಮೂಲಕ ಮನಸ್ಸಿನಲ್ಲಿ ತುಂಬಿಕೊಂಡ ನಾಡಿನಲ್ಲಿ ಈ ಮಾತು ಸಡಿಲವೆನಿಸಬಹುದು. ವಾಸ್ತವವಾಗಿ ಇಲ್ಲಿ ಸತ್ಯವನ್ನು ಕೈಬಿಟ್ಟಿಲ್ಲ, ಅದನ್ನು ಅಹಿಂಸೆಯ ಅಧೀನಕ್ಕೆ ತರಲಾಗಿದೆ. ಸುಳ್ಳು ಹೇಳಲು ಅನುಮತಿ ದೊರೆತದ್ದಕ್ಕಿಂತ ಹೆಚ್ಚಾಗಿ ನಿಜ ಹೇಳುವವನ ಹೊಣೆ ಹೆಚ್ಚಿತು.

ಎರಡು ಅಳತೆಗಳ ಈ ವ್ಯವಸ್ಥೆಯಿಂದಲೇ ಗಂಗರ ಸೇನಾಪತಿ ಚಾವುಂಡರಾಯನಂಥವನು ಸಾಧ್ಯವಾದನು. ಗೊಮ್ಮಟನನ್ನು ನಿಲ್ಲಿಸಿದ ಈ ವ್ಯಕ್ತಿ 978ರಲ್ಲಿ ಬರೆದ ಚಾವುಂಡರಾಯ ಪುರಾಣದಲ್ಲಿ ಸಮರಪರಶುರಾಮ, ವೈರಿಕುಲಕಾಲದಂಡ ಮೊದಲಾದ ಯುದ್ಧದ ಬಿರುದುಗಳ ಜೊತೆಯಲ್ಲಿಯೇ, ಪರಿಹಾಸಕ್ಕೂ ಸುಳ್ಳಾಡದವನೆಂಬ ಕಾರಣಕ್ಕೆ ಬಂದ ಸತ್ಯಯುಧಿಷ್ಠಿರನೆಂಬ ಬಿರುದೂ ಬರುತ್ತದೆ. ಗೃಹಸ್ಥನು ಸಂಕಲ್ಪಪೂರ್ವಕವಾದ ಹಿಂಸೆಯನ್ನು ಬಿಡಲೇಬೇಕು, ರಾಜ್ಯರಕ್ಷಣೆಯಲ್ಲಿ ಅನಿವಾರ್ಯವಾಗಿ ಒದಗುವ ವಿರೋಧಿ ಹಿಂಸೆ ಅವನ ವ್ರತವನ್ನು ಮುರಿಯುವುದಿಲ್ಲ ಎಂಬ ವಿವೇಚನೆ ಇಂಥವರಿಗೆ ದಾರಿ ಮಾಡಿಕೊಟ್ಟಿತು. ಈ ದಾರಿ ತೀರಾ ಅಗಲವಾಯಿತೇ ಎಂದು ಕೇಳಲು ಅವಕಾಶವಿದೆ. ಗಂಗ, ರಾಷ್ಟ್ರಕೂಟ, ಹೊಯ್ಸಳ ಸೈನ್ಯಗಳ ಜೈನ ದಂಡನಾಯಕರ ಪಟ್ಟಿ ಚಿಕ್ಕದೇನಲ್ಲ.

ಈ ಎಲ್ಲ ವಿವೇಚನೆಗಳೂ ಒಟ್ಟಾಗಿ ಪರೀಕ್ಷೆಗೆ ಒಳಗಾದದ್ದು ಸಲ್ಲೇಖನದಲ್ಲಿ. ದೇಹವನ್ನೂ, ಕೋಪ ಲೋಭಾದಿ ಕಷಾಯಗಳನ್ನೂ ಕ್ರಮಕ್ರಮವಾಗಿ ತೆಳುವಾಗಿಸುತ್ತ ಬರುವುದಕ್ಕೆ ಸಲ್ಲೇಖನವೆಂದು ಹೆಸರು. ಸಮಾಧಿಮರಣ, ಸನ್ಯಸನ ಎಂಬ ಹೆಸರುಗಳೂ ಶಾಸನಗಳಲ್ಲಿ ಬರುತ್ತವೆ. ರತ್ನಕರಂಡಕವು ಇದಕ್ಕೆ ನಾಲ್ಕೇ ಸಂದರ್ಭಗಳನ್ನು ಒಪ್ಪುತ್ತದೆ: ತಪ್ಪಿಸಿಕೊಳ್ಳಲಾಗದ ಉಪಸರ್ಗ ಅಥವಾ ವಿಪತ್ತು, ಕ್ಷಾಮ, ಮುಪ್ಪು ಮತ್ತು ವಾಸಿಯಾಗದ ರೋಗ. ವ್ರತ ಹಿಡಿಯುವವನು ಮೊದಲು ಸ್ನೇಹವೈರಗಳನ್ನು ಬಿಟ್ಟು, ಬಂಧುಗಳಿಂದಲೂ ಪರಿಜನರಿಂದಲೂ ಕ್ಷಮೆ ಕೇಳಿ, ತಾನೂ ಅವರನ್ನು ಕ್ಷಮಿಸಬೇಕು. ಆಮೇಲೆ ಅನ್ನವನ್ನು ಬಿಟ್ಟು ಹಾಲಿನಂಥ ಪಾನೀಯಕ್ಕೆ, ಅದನ್ನು ಬಿಟ್ಟು ಮಜ್ಜಿಗೆ ಗಂಜಿಯಂಥದಕ್ಕೆ, ಅದನ್ನೂ ಬಿಟ್ಟು ಬಿಸಿನೀರಿಗೆ ಇಳಿದು, ಕೊನೆಗೆ ಶಕ್ತಿಯಿದ್ದಷ್ಟು ಉಪವಾಸವಿದ್ದು ಪಂಚನಮಸ್ಕಾರವನ್ನು ಸ್ಮರಿಸುತ್ತ ದೇಹವನ್ನು ಬಿಡಬೇಕು. ಅದೇ ಗ್ರಂಥ ಬೆಟ್ಟದಿಂದ ಹಾರುವುದನ್ನೂ ಬೆಂಕಿಗೆ ಬೀಳುವುದನ್ನೂ ಲೋಕಮೂಢತೆ, ಎಂದರೆ ಜನರು ಧರ್ಮವೆಂದು ತಪ್ಪು ತಿಳಿದ ಮೌಢ್ಯ ಎಂದು ಖಂಡಿಸುತ್ತದೆ. ಸ್ವಾಮಿಗಾಗಿ ತಲೆಯನ್ನೇ ಕೊಡುವ ಸಿಡಿದಲೆ, ಒಡೆಯನೊಡನೆ ಸಾಯುವ ಗರುಡರ ವ್ರತ, ಗಂಡನ ಚಿತೆಯೇರುವ ಮಹಾಸತಿ ಪದ್ಧತಿಗಳು ಮುಂದೆ ಬೆಳೆದು ಕಲ್ಲಿನಲ್ಲಿ ನಿಂತ ಕನ್ನಡನಾಡಿನಲ್ಲಿ ಈ ಖಂಡನೆಗೆ ವಿಶೇಷ ತೂಕವಿದೆ.

ಸಾವು ಒಂದೇ ಆಗಿರುವಾಗ ಒಂದು ವ್ರತವೂ ಇನ್ನೊಂದು ಮೌಢ್ಯವೂ ಆಗುವುದು ಯಾವ ಆಧಾರದಿಂದ? ತತ್ತ್ವಾರ್ಥಸೂತ್ರವು ಹಿಂಸೆಗೆ ಕೊಟ್ಟ ಲಕ್ಷಣದಲ್ಲಿ ಉತ್ತರವಿದೆ: ಪ್ರಮಾದದಿಂದ, ಎಂದರೆ ರಾಗದ್ವೇಷಗಳಿಗೆ ವಶವಾದ ಮನಸ್ಸಿನಿಂದ ಪ್ರಾಣಕ್ಕೆ ಕೇಡು ಮಾಡುವುದೇ ಹಿಂಸೆ. ಇದರ ಮೇಲೆ ಸರ್ವಾರ್ಥಸಿದ್ಧಿಯನ್ನು ಬರೆದ ಪೂಜ್ಯಪಾದನು, ವಿಷದಿಂದಲೋ ಶಸ್ತ್ರದಿಂದಲೋ ತನ್ನನ್ನು ಕೊಂದುಕೊಳ್ಳುವವನಲ್ಲಿ ರಾಗ, ದ್ವೇಷ, ಮೋಹಗಳಿರುತ್ತವೆ, ಸಲ್ಲೇಖನದಲ್ಲಿ ಅವು ಇಲ್ಲ ಎಂದು ವಿವರಿಸಿ, ಉಗ್ರಾಣಕ್ಕೆ ಬೆಂಕಿ ಬಿದ್ದಾಗ ವರ್ತಕನು ಮೊದಲು ಕಟ್ಟಡವನ್ನು ಉಳಿಸಲು ಯತ್ನಿಸಿ, ಆಗದಿದ್ದರೆ ಒಳಗಿನ ಸರಕನ್ನು ಉಳಿಸಿಕೊಳ್ಳುವಂತೆ, ವ್ರತಿಯು ದೇಹ ಉಳಿಯದೆಂದು ಖಚಿತವಾದಾಗ ವ್ರತಗಳನ್ನು ಉಳಿಸಿಕೊಳ್ಳುತ್ತಾನೆ ಎನ್ನುತ್ತಾನೆ. ಸೂತ್ರಕಾರನು ಸಲ್ಲೇಖನದ ಐದು ಅತಿಚಾರಗಳನ್ನು, ಅಂದರೆ ವ್ರತಕ್ಕೆ ತಗಲುವ ದೋಷಗಳನ್ನು ಹೇಳಿದ್ದಾನೆ: ಇನ್ನೂ ಬದುಕಬೇಕೆಂಬ ಆಸೆ, ಬೇಗ ಸಾಯಬೇಕೆಂಬ ಆಸೆ, ಪ್ರಿಯರ ಮೇಲಿನ ಅನುರಾಗ, ಹಿಂದಿನ ಸುಖದ ಸ್ಮರಣೆ, ಮುಂದಿನ ಜನ್ಮದ ಫಲಾಪೇಕ್ಷೆ. ಸಾವನ್ನು ಬಯಸುವುದೇ ದೋಷವಾಗಿರುವ ಸಾವಿನ ವ್ರತ ಇದು. ನೈತಿಕ ಮಾನದಂಡವನ್ನು ಸಂದರ್ಭಕ್ಕೆ ತಕ್ಕಂತೆ ಬದಲಾಯಿಸಿದ್ದರೆ ಇಷ್ಟು ಬಿಗಿಯಾದ ನಿಯಮದ ಅಗತ್ಯವಿರಲಿಲ್ಲ. ಸಂದರ್ಭ ಬದಲಾಗುತ್ತದೆ, ವ್ಯಕ್ತಿಯ ಶಕ್ತಿ ಬದಲಾಗುತ್ತದೆ, ರಾಗದ್ವೇಷಗಳಿಲ್ಲದಿರಬೇಕೆಂಬ ನಿಯಮ ಮಾತ್ರ ಬದಲಾಗುವುದಿಲ್ಲ.

ಸಮಂತಭದ್ರನ ಬಗೆಗಿನ ಕಥಾಪರಂಪರೆಯೇ ಈ ಬಿಗಿಯನ್ನು ತೋರಿಸುತ್ತದೆ. ಅವನಿಗೆ ಭಸ್ಮಕವೆಂಬ, ತಿಂದದ್ದೆಲ್ಲ ಸುಟ್ಟುಹೋಗಿ ಹಸಿವು ತಣಿಯದ ರೋಗ ತಗಲಿದಾಗ, ಅವನು ಸಲ್ಲೇಖನಕ್ಕೆ ಗುರುವಿನ ಅಪ್ಪಣೆ ಕೇಳಿದನೆಂದೂ, ಅವನಿಂದ ಧರ್ಮಕ್ಕೆ ಇನ್ನೂ ಆಗಬೇಕಾದ ಕಾರ್ಯವಿದೆಯೆಂದು ಗುರು ನಿರಾಕರಿಸಿದನೆಂದೂ, ಆಗ ಅವನು ಮುನಿವೇಷವನ್ನೇ ಬಿಟ್ಟು ಶಿವಾಲಯವೊಂದರ ನೈವೇದ್ಯವನ್ನು ಉಂಡು ರೋಗ ಕಳೆದುಕೊಂಡು, ಮರಳಿ ದೀಕ್ಷೆ ಪಡೆದನೆಂದೂ ಕಥೆಗಳು ಹೇಳುತ್ತವೆ. ಚಿಕ್ಕಬೆಟ್ಟದ ಪಾರ್ಶ್ವನಾಥ ಬಸದಿಯಲ್ಲಿರುವ, 1129ರ ಸುಮಾರಿನ ಮಲ್ಲಿಷೇಣ ಪ್ರಶಸ್ತಿಯೂ ಅವನ ಭಸ್ಮಕ ರೋಗವನ್ನು ಉಲ್ಲೇಖಿಸುತ್ತದೆ. ಕಥೆಯಾಗಿ ಇದನ್ನು ಎಷ್ಟು ನಂಬಬೇಕೆಂಬುದು ಬೇರೆ ಮಾತು. ಸಲ್ಲೇಖನದ ನಿಯಮವನ್ನು ಬರೆದವನಿಗೇ ಸಲ್ಲೇಖನವನ್ನು ನಿರಾಕರಿಸುವ ಕಥೆಯನ್ನು ಪರಂಪರೆ ಕಾಪಾಡಿಕೊಂಡು ಬಂದಿತೆಂಬುದು ಮುಖ್ಯ.

ಶಾಸನಗಳತ್ತ ತಿರುಗಿದಾಗ ಚಿತ್ರ ಇಷ್ಟು ನಿಚ್ಚಳವಾಗಿರುವುದಿಲ್ಲ. ಗಂಗರ ಮಾರಸಿಂಹನು ಅನೇಕ ಯುದ್ಧಗಳನ್ನು ಗೆದ್ದು, ರಾಜ್ಯವನ್ನು ತ್ಯಜಿಸಿ, ಬಂಕಾಪುರದಲ್ಲಿ ಅಜಿತಸೇನ ಭಟ್ಟಾರಕರ ಸನ್ನಿಧಿಯಲ್ಲಿ ಮೂರು ದಿನಗಳ ವ್ರತದಿಂದ ಮಡಿದನೆಂದು ಚಿಕ್ಕಬೆಟ್ಟದ ಕೂಗೆ ಬ್ರಹ್ಮದೇವರ ಕಂಬದ ಶಾಸನ ಹೇಳುತ್ತದೆ; ಕಾಲ ಸುಮಾರು 974. ರಾಷ್ಟ್ರಕೂಟರ ಕೊನೆಯ ಅರಸು ನಾಲ್ಕನೆಯ ಇಂದ್ರನು 982ರಲ್ಲಿ ಅದೇ ಬೆಟ್ಟದ ಮೇಲೆ ಪ್ರಾಣಬಿಟ್ಟನು. ಅವನ ನಿಸಿದಿಯ ಕವಿ ಅರಸನ ಚೆಂಡಾಟದ ಕೌಶಲವನ್ನು ಆಸ್ಥೆಯಿಂದ ಬಹಳ ಹೊತ್ತು ವರ್ಣಿಸುತ್ತಾನೆ. 973ರಲ್ಲಿ ಚಾಲುಕ್ಯ ತೈಲಪನಿಂದ ಸಾಮ್ರಾಜ್ಯ ಕುಸಿದುಬಿದ್ದ ಬಳಿಕ, ಮರಳಿ ಪಡೆಯುವ ಆಸೆಯೂ ಕಮರಿದ ಮೇಲೆ ಬೆಟ್ಟವೇರಿದ ಆ ತರುಣನ ಮನಸ್ಸಿನಲ್ಲಿ ಇದ್ದದ್ದು ವೈರಾಗ್ಯವೋ ನಿರಾಶೆಯೋ ಎಂಬುದನ್ನು ಕಲ್ಲು ಹೇಳುವುದಿಲ್ಲ, ಹೇಳಬಲ್ಲದ್ದೂ ಅಲ್ಲ.

ಇದಕ್ಕಿಂತ ಮನಸ್ಸನ್ನು ಕಲಕುವುದು ಮಾಚಿಕಬ್ಬೆಯ ಪ್ರಕರಣ. ಹೊಯ್ಸಳ ವಿಷ್ಣುವರ್ಧನನ ಪಟ್ಟದರಸಿ ಶಾಂತಲದೇವಿಯ ತಾಯಿ ಇವಳು. ಗಂಡ ಮಾರಸಿಂಗಯ್ಯ ಶೈವ, ಇವಳೂ ಮಗಳೂ ಜೈನರು, ಅಳಿಯ ವೈಷ್ಣವದತ್ತ ಒಲಿದವನು. ಒಂದೇ ಮನೆಯಲ್ಲಿ ಮೂರು ದರ್ಶನಗಳು ನೆಲೆಸಿದ್ದವು. 1131ರಲ್ಲಿ ಶಾಂತಲೆ ಶಿವಗಂಗೆಯಲ್ಲಿ ತೀರಿಕೊಂಡಾಗ, ಮಗಳು ಹೋದ ಮೇಲೆ ತಾನು ಉಳಿಯಲಾರೆನೆಂದು ಮಾಚಿಕಬ್ಬೆ ಬೆಳಗೊಳಕ್ಕೆ ಬಂದು, ಅರೆಮುಚ್ಚಿದ ಕಣ್ಣುಗಳಿಂದ ಪಂಚಪದಗಳನ್ನು ಉಚ್ಚರಿಸುತ್ತ ಒಂದು ತಿಂಗಳು ಉಪವಾಸವಿದ್ದು ಮಡಿದಳೆಂದು ಶಾಸನ ಮುಕ್ತಕಂಠದಿಂದ ಹೊಗಳುತ್ತದೆ. ಸೂತ್ರದ ಕಣ್ಣಿನಿಂದ ನೋಡಿದರೆ, ಮಗಳ ಮೇಲಿನ ಅನುರಾಗವೂ ಬದುಕು ಬೇಡವೆಂಬ ಇಚ್ಛೆಯೂ ಎರಡು ಅತಿಚಾರಗಳು. ಗುರುಗಳು ಎದುರಿಗಿದ್ದೂ ತಡೆಯಲಿಲ್ಲ. ತಿಂಗಳ ಉಪವಾಸದಲ್ಲಿ ಶೋಕ ಕರಗಿ ಸಮಭಾವ ಮೂಡಿತೆಂದು ಅವರು ನಂಬಿರಬಹುದು. ಅರಸಿಯ ತಾಯಿಯೆಂಬ ಗೌರವ ಅವರ ಬಾಯಿ ಕಟ್ಟಿರಲೂಬಹುದು. ನಿಸಿದಿಗಳನ್ನು ಬರೆಸಿದವರು ಬದುಕುಳಿದವರು ಎಂಬುದನ್ನು ಇತಿಹಾಸಕಾರ ಎಂದೂ ಮರೆಯುವಂತಿಲ್ಲ. ವ್ರತ ಹಿಡಿದು ನಡುವೆ ಬಿಟ್ಟವರಿಗೆ ಕಲ್ಲು ನಿಲ್ಲಿಸುವ ಪದ್ಧತಿ ಇರಲಿಲ್ಲ.

ಅದೇ ಊರಿನ ಭಂಡಾರಿ ಬಸದಿಯಲ್ಲಿರುವ 1368ರ ಬುಕ್ಕರಾಯನ ಶಾಸನವನ್ನು ಅನೇಕಾಂತದ ರಾಜಕೀಯ ರೂಪವೆಂದು ಹೇಳುವ ರೂಢಿಯಿದೆ. ಆನೆಗೊಂದಿ, ಪೆನುಗೊಂಡೆ ಮೊದಲಾದ ಪಟ್ಟಣಗಳ ಜೈನರು ತಮಗೆ ಭಕ್ತರಿಂದ, ಅಂದರೆ ಶ್ರೀವೈಷ್ಣವರಿಂದ ಆದ ಅನ್ಯಾಯವನ್ನು ಅರಸನಿಗೆ ಬಿನ್ನವಿಸಿಕೊಂಡಾಗ, ಅವನು ಶ್ರೀರಂಗ, ತಿರುಪತಿ, ಕಂಚಿ, ಮೇಲುಕೋಟೆಗಳ ಆಚಾರ್ಯರನ್ನು ಕರೆಸಿ, ಜೈನರ ಕೈಯನ್ನು ಹಿಡಿದು ವೈಷ್ಣವರ ಕೈಯಲ್ಲಿಟ್ಟು, ಎರಡು ದರ್ಶನಗಳಲ್ಲಿ ಭೇದವಿಲ್ಲವೆಂದು ಸಾರಿ, ಪಂಚಮಹಾವಾದ್ಯ ಮತ್ತು ಕಲಶದ ಹಕ್ಕನ್ನು ಜೈನರಿಗೆ ಉಳಿಸಿಕೊಟ್ಟನು. ಮನೆಗೆ ವರ್ಷಕ್ಕೆ ಒಂದು ಹಣದಂತೆ ಜೈನರಿಂದ ಎತ್ತಿ, ಅದರಲ್ಲಿ ಬೆಳಗೊಳದ ದೇವರ ಅಂಗರಕ್ಷಣೆಗೆ ಇಪ್ಪತ್ತು ಆಳುಗಳನ್ನು ಇಟ್ಟು, ಉಳಿದುದನ್ನು ಬಸದಿಗಳ ಸುಣ್ಣ ಮತ್ತು ಜೀರ್ಣೋದ್ಧಾರಕ್ಕೆ ಬಳಸುವ ಹೊಣೆ ತಿರುಮಲೆಯ ತಾತಯ್ಯನದಾಯಿತು. ಏಟು ಕೊಟ್ಟವರ ಗುರುವರ್ಗಕ್ಕೇ ರಕ್ಷಣೆಯ ಕೆಲಸ ವಹಿಸಿದ ಈ ಜಾಣ್ಮೆ ಮೆಚ್ಚತಕ್ಕದ್ದು. ಆದರೆ ಇದು ಯಾವ ದರ್ಶನ ನಿಜ ಎಂಬ ತೀರ್ಪಲ್ಲ, ಎರಡೂ ನಿಜವೆಂಬ ತತ್ತ್ವವೂ ಅಲ್ಲ. ಒಬ್ಬರ ಹಾನಿವೃದ್ಧಿಯನ್ನು ಇನ್ನೊಬ್ಬರು ತಮ್ಮದೆಂದು ಎಣಿಸಬೇಕೆಂಬ ಆಜ್ಞೆ. ಸಹಬಾಳ್ವೆಗೆ ಸತ್ಯದ ವಿಚಾರದಲ್ಲಿ ಒಮ್ಮತ ಬೇಕಿಲ್ಲವೆಂಬುದನ್ನು ಅನೇಕಾಂತದ ಹಂಗಿಲ್ಲದೆಯೇ ಅರಸನೊಬ್ಬ ಕಂಡುಕೊಂಡಿದ್ದನು.

ಮಾಚಿಕಬ್ಬೆಯಂಥವರ ಪ್ರಕರಣ ಎತ್ತುವ, ಮನಸ್ಸಿನ ಒಳಗನ್ನು ಹೊರಗಿನವರು ಅಳೆಯುವುದು ಹೇಗೆ ಎಂಬ ತೊಡಕನ್ನು ಜೈನಾಚಾರ್ಯರು ಅರಿಯದವರಾಗಿರಲಿಲ್ಲ. ಕನ್ನಡದ ವಡ್ಡಾರಾಧನೆಯ ಹತ್ತೊಂಬತ್ತು ಕಥೆಗಳಿಗೆ ಮೂಲವಾದ ಗಾಹೆಗಳು, ಅಂದರೆ ಪ್ರಾಕೃತ ಪದ್ಯಗಳು, ಬರುವ ಭಗವತೀ ಆರಾಧನೆಯು, ಮರಣಗಳನ್ನು ಹದಿನೇಳು ಬಗೆಯಾಗಿ ವಿಂಗಡಿಸಿ, ಅರಿವಿಲ್ಲದವನ ಬಾಲಮರಣವನ್ನೂ ಅರಿತವನ ಪಂಡಿತಮರಣವನ್ನೂ ಬೇರ್ಪಡಿಸುತ್ತದೆ. ವ್ರತಿಯನ್ನು ದಡ ಸೇರಿಸುವವರಿಗೆ ನಿರ್ಯಾಪಕರೆಂದು ಹೆಸರಿಟ್ಟು, ಅವರು ನಲವತ್ತೆಂಟು ಮಂದಿ ಇರುವುದು ಉತ್ತಮವೆಂದೂ, ಕಾಲ ಕೆಟ್ಟಾಗ ಕಡಿಮೆಯಾದರೂ ಇಬ್ಬರಿಗಿಂತ ಕಡಿಮೆ ಕೂಡದೆಂದೂ ಅದು ವಿಧಿಸುತ್ತದೆ. ಕೆಲವರು ಮೈಯನ್ನು ಹಿಡಿದು ಹೊರಳಿಸಬೇಕು, ಕೆಲವರು ಧರ್ಮಕಥೆ ಹೇಳಬೇಕು, ಕೆಲವರು ಆಹಾರಪಾನಗಳನ್ನು ನೋಡಿಕೊಳ್ಳಬೇಕು, ಕೆಲವರು ಬಾಗಿಲು ಕಾಯಬೇಕು. ಒಬ್ಬನ ಕಣ್ಣಿಗೆ ಮಾತ್ರ ಬಿಟ್ಟರೆ ವ್ರತಿಗೂ ನಿರ್ಯಾಪಕನಿಗೂ ಕೇಡು ಎಂಬ ಎಚ್ಚರ ಇದರಲ್ಲಿದೆ. ಸತ್ಯದ ಹಲವು ಮುಖಗಳನ್ನು ಒಬ್ಬನೇ ಕಾಣಲಾರನೆಂಬ ತತ್ತ್ವ ಇಲ್ಲಿ ಮಲಗಿದವನ ಸುತ್ತ ಕುಳಿತ ಮನುಷ್ಯರ ಸಂಖ್ಯೆಯಾಗಿ ಇಳಿದುಬಂದಿದೆ ಎಂದು ಓದಲು ಅವಕಾಶವಿದೆ. ಬೆಳಗಾವಿ ಜಿಲ್ಲೆಯ ಭೋಜ ಗ್ರಾಮದವರಾದ ಆಚಾರ್ಯ ಶಾಂತಿಸಾಗರರು 1955ರಲ್ಲಿ ಕುಂಥಲಗಿರಿಯಲ್ಲಿ 36 ದಿನಗಳ ಸಲ್ಲೇಖನ ಕೈಗೊಂಡಾಗಲೂ ಅವರು ಒಂಟಿಯಾಗಿರಲಿಲ್ಲ; ಸುತ್ತ ಸಂಘವಿತ್ತು.

ಆಧುನಿಕ ಕಾನೂನಿಗೆ ಈ ವ್ಯವಸ್ಥೆ ಬೇರೆಯಾಗಿಯೇ ಕಂಡಿತು. 2006ರಲ್ಲಿ ಸಲ್ಲಿಕೆಯಾದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯೊಂದರ ಮೇಲೆ ರಾಜಸ್ಥಾನ ಹೈಕೋರ್ಟ್ 2015ರ ಆಗಸ್ಟ್ 10ರಂದು, ಉತ್ತರ ಭಾರತದಲ್ಲಿ ಸಂಥಾರಾ ಎಂದು ಕರೆಯಲಾಗುವ ಈ ವ್ರತವನ್ನು ಭಾರತೀಯ ದಂಡಸಂಹಿತೆಯ 309 ಮತ್ತು 306ನೆಯ ಕಲಮುಗಳ ವ್ಯಾಪ್ತಿಗೆ ತಂದಿತು. ಅದೇ ತಿಂಗಳ 31ರಂದು ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ನೀಡಿತು. ಪ್ರಾಣತ್ಯಾಗದ ಯತ್ನವನ್ನು ಸಾಮಾನ್ಯ ಅಪರಾಧವಾಗಿ ಎಣಿಸುತ್ತಿದ್ದ 309ನೆಯ ಕಲಮು 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಆ ರೂಪದಲ್ಲಿ ಉಳಿದಿಲ್ಲವಾದುದರಿಂದ, ವ್ರತ ಹಿಡಿದವನ ಮಟ್ಟಿಗೆ ಪ್ರಶ್ನೆ ಬಹುಮಟ್ಟಿಗೆ ಸಡಿಲಗೊಂಡಿದೆ. ಪ್ರಚೋದನೆಯನ್ನು ಶಿಕ್ಷಿಸುತ್ತಿದ್ದ 306ನೆಯ ಕಲಮು ಮಾತ್ರ ಹೊಸ ಸಂಹಿತೆಯ 108ನೆಯ ಕಲಮಾಗಿ ಮುಂದುವರಿದಿದೆ. ಹೈಕೋರ್ಟಿನ ದೃಷ್ಟಿಯೇ ನಿಂತರೆ, ಒಬ್ಬರಿಗೇ ಬಿಡಬಾರದೆಂದು ಪ್ರಾಚೀನ ಗ್ರಂಥ ಹಾಸಿಗೆಯ ಸುತ್ತ ಕೂರಿಸಿದ ನಿರ್ಯಾಪಕರೇ ಆ ಕಲಮಿನ ಮುಂದೆ ನಿಲ್ಲಬೇಕಾಗುತ್ತದೆ.